ಹನ್ನೊಂದು ಗಂಟೆಯ ಅಂಕಿ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅಕ್ಕ ತಂಗಿಗೆ ಫೋನು ಮಾಡಿ, ಚಂಡಮಾರುತ ನಿಮ್ಮ ಕಡೆಗೆ ಬರುವುದಿಲ್ಲ, ಮಾವನವರನ್ನು ಅಲುಗಾಡಿಸುವ ಗೋಜಿಗೆ ಹೋಗಬೇಡಿ ಎಂದು ಹೇಳಿದಳು. ಅಳೆದೂ ಸುರಿದೂ ನೋಡಿಯೇ ಹೇಳಿದ್ದಳು. ಹತ್ತು ವರ್ಷದಿಂದ ಗಾಳಿಯ ಲೆಕ್ಕ ಇಡುತ್ತಿದ್ದವಳು, ಒಂದು ಮಾತು ಬಾಯಿಂದ ಬೀಳಬೇಕಾದರೆ ಮೂರು ಸಲ ಕೂಡಿ ಕಳೆದು ನೋಡುವವಳು. ಅಂಥವಳು ಹೇಳಿದ ಮೇಲೆ ತಂಗಿ ಹಿಂದೆಮುಂದೆ ನೋಡಲಿಲ್ಲ. ಸೊಂಟದ ಮೂಳೆ ಮುರಿದುಕೊಂಡು ಒಂದೂವರೆ ತಿಂಗಳಿಂದ ಮಲಗಿದಲ್ಲೇ ಇದ್ದ ಮಾವನನ್ನು ಸಾಗಿಸಲೆಂದು ಎರಡು ದಿನ ಮುಂಚೆಯೇ ಗೊತ್ತು ಮಾಡಿದ್ದ ಆಂಬುಲೆನ್ಸಿನವನಿಗೆ ಬೇಡವೆಂದಳು. ಅವನು ಅದೇ ಬೀದಿಯ ಕೊನೆಯ ಮನೆಯ ಬಸುರಿಯೊಬ್ಬಳನ್ನು ಹತ್ತಿಸಿಕೊಂಡು ಸೇತುವೆ ದಾಟಿ ಹೋದ.

ಅಕ್ಕನದು ಕನ್ನಡಕದ ಅಂಗಡಿ. ಮುಂದುಗಡೆ ಗಾಜಿನ ಕಪಾಟು, ಕಣ್ಣು ಪರೀಕ್ಷೆಯ ಕುರ್ಚಿ, ಗೋಡೆಯ ಮೇಲೆ ಕೆಳಕೆಳಗೆ ಸಣ್ಣದಾಗುತ್ತ ಹೋಗುವ ಅಕ್ಷರಗಳು. ಹಿಂದಿನ ಕೋಣೆಯಲ್ಲಿ ಮಸೂರ ಅರೆಯುವ ಯಂತ್ರ, ಅದರ ಪಕ್ಕದ ಮೇಜಿನ ಮೇಲೆ ಕರಾವಳಿಯ ನಕ್ಷೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದಕ್ಕೆ ಸಿಕ್ಕಿದ್ದು ಬೆಳಕನ್ನು ಬಗ್ಗಿಸುವ ಕೆಲಸ; ಗಾಳಿಯ ಹುಚ್ಚು ಮಾತ್ರ ತಾನಾಗಿ ಅಂಟಿಕೊಂಡದ್ದು. ಅವಳಂತೆಯೇ ಹುಚ್ಚು ಹಿಡಿದವರು ಇನ್ನೂ ಮೂವರಿದ್ದರು. ಉತ್ತರದ ಪಟ್ಟಣದಲ್ಲಿ ಔಷಧದಂಗಡಿ ಇಟ್ಟುಕೊಂಡಿದ್ದ ಒಬ್ಬ. ನಡುವಿನ ಬಂದರಿನಲ್ಲಿ, ಹಡಗಿನ ರೇಡಿಯೋ ಕೆಲಸದಿಂದ ನಿವೃತ್ತನಾದ ಅಜ್ಜ. ದಕ್ಷಿಣದ ತುದಿಯಲ್ಲಿ, ಕೊಲ್ಲಿಯ ಆಚೆ ಮೂಡಲ ಸಮುದ್ರದತ್ತ ಚಾಚಿಕೊಂಡ ಕಿರಿದಾದ ಮರಳುಪಟ್ಟಿಯ ಊರಿನಲ್ಲಿ, ಭೂಗೋಳದ ಮೇಷ್ಟ್ರು. ತಂಗಿಯನ್ನು ಕೊಟ್ಟಿದ್ದೂ ಆ ಮರಳುಪಟ್ಟಿಯ ಊರಿಗೇ. ಅಲ್ಲಿಂದ ಈಚೆಗೆ ಬರಲು ಇದ್ದದ್ದು ಒಂದೇ ಸೇತುವೆ.

ನಾಲ್ವರ ಬಳಿಯೂ ಗಾಳಿಯ ಒತ್ತಡ ಅಳೆಯುವ ಮಾಪಕವಿತ್ತು. ಮನೆಮಂದಿ ಇವರನ್ನು ಗಾಳಿ ಸಂಘ ಎನ್ನುತ್ತಿದ್ದರು. ತಂಗಿಯ ಮಾವ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಾಳಿ ತಿಂದು ಗಾಳಿಮಾತು ಕಕ್ಕುವ ಸಂಘ ಎನ್ನುತ್ತಿದ್ದ. ಆದರೆ ಮೂರು ವರ್ಷದ ಹಿಂದೆ ಬಂದ ಚಂಡಮಾರುತ ಎಲ್ಲಿ ದಡ ಹತ್ತುತ್ತದೆ ಎಂಬುದನ್ನು ಈ ಸಂಘ ಸರ್ಕಾರದ ಹವಾಮಾನ ಕಚೇರಿಗಿಂತ ಸರಿಯಾಗಿ ಹೇಳಿದ ಮೇಲೆ ಆತನೂ ದನಿ ತಗ್ಗಿಸಿದ್ದ.

ಸಂಘಕ್ಕೆ ಎರಡೇ ಕಟ್ಟಳೆ, ಎರಡನ್ನೂ ಮಾಡಿದವಳು ಅಕ್ಕ. ಮೂರು ಗಂಟೆಗೊಮ್ಮೆ ಎಲ್ಲರೂ ತಮ್ಮ ಮಾಪಕ ನೋಡಿ ಬರೀ ಅಂಕಿ ಕಳಿಸಬೇಕು. ಅದರೊಂದಿಗೆ ಮಾತು, ಊಹೆ, ವಿವರಣೆ ಏನೂ ಕೂಡದು. ಮೊದಮೊದಲು ಒಬ್ಬೊಬ್ಬರೂ ಅಂಕಿಯ ಜೊತೆಗೆ ಪುಟಗಟ್ಟಲೆ ಪುರಾಣ ಬರೆದು, ಪುರಾಣದ ನಡುವೆ ಅಂಕಿಯೇ ಕಳೆದುಹೋಗುತ್ತಿತ್ತು. ಎರಡನೆಯ ಕಟ್ಟಳೆ, ಎತ್ತರದ ತಿದ್ದುಪಡಿಯನ್ನು ಯಾರೂ ತಾವಾಗಿ ಮಾಡಬಾರದು. ಎಂಟೂವರೆ ಮೀಟರು ಮೇಲಕ್ಕೆ ಹೋದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಕಡಿಮೆಯಾಗುತ್ತದೆ. ಆದ್ದರಿಂದ ದಿಬ್ಬದ ಮೇಲಿರುವ ಮಾಪಕವನ್ನೂ ದಡದ ಮೇಲಿರುವ ಮಾಪಕವನ್ನೂ ಹೋಲಿಸಬೇಕಾದರೆ ಎರಡನ್ನೂ ಸಮುದ್ರಮಟ್ಟಕ್ಕೆ ತಂದುಕೊಳ್ಳಬೇಕು. ಔಷಧದಂಗಡಿಯವನು ಒಮ್ಮೆ ಕೂಡಿಸುವ ಬದಲು ಕಳೆದು ಎಲ್ಲರಿಗೂ ಒಂದು ದಿನವಿಡೀ ಇಲ್ಲದ ಚಂಡಮಾರುತ ತೋರಿಸಿದ್ದ. ಅಂದಿನಿಂದ ತಿದ್ದುವ ಕೈ ಒಂದೇ ಇರಲಿ ಎಂದು ಅಕ್ಕ ಆ ಕೆಲಸವನ್ನು ತಾನೇ ವಹಿಸಿಕೊಂಡಳು. ಮೇಷ್ಟ್ರ ಮನೆ ಆ ಊರಿಗೆಲ್ಲ ಒಂದೇ ಒಂದಾದ ದಿಬ್ಬದ ಮೇಲೆ, ಇಪ್ಪತ್ತನಾಲ್ಕು ಮೀಟರು ಎತ್ತರದಲ್ಲಿತ್ತು. ಅವರ ಅಂಕಿಗೆ ಎರಡು ಪಾಯಿಂಟ್ ಎಂಟು ಕೂಡಿಸುವುದು ಅವಳಿಗೆ ಉಸಿರಾಡಿದಷ್ಟು ರೂಢಿ.

ಈ ಸಲದ ಚಂಡಮಾರುತವನ್ನು ನಾಲ್ವರೂ ಐದು ದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದರು. ದೂರದ ಕಡಲಿನಲ್ಲಿ ಅದು ಮೋಡದ ಮುದ್ದೆಯಾಗಿದ್ದಾಗ ಎಲ್ಲರಿಗೂ ಹಬ್ಬ. ಸುರುಳಿ ಸುತ್ತಿಕೊಂಡು ನಡುವೆ ಕಣ್ಣು ಬಿಟ್ಟಾಗ ರೇಡಿಯೋ ಅಜ್ಜ, ಹುಟ್ಟಿದ ಮಗು ಕಣ್ಣು ಬಿಟ್ಟಿತು ಎಂದು ಫೋನು ಮಾಡಿ ಹೇಳಿದ್ದ. ಅದು ಎಲ್ಲಿ ದಡ ಹತ್ತುತ್ತದೆಂದು ನಾಲ್ವರೂ ನಕ್ಷೆಯ ಮೇಲೆ ಗುರುತು ಹಾಕಿ ಪಂದ್ಯ ಕಟ್ಟಿದ್ದರು. ನಾಲ್ಕನೆಯ ದಿನ ಅದು ಬಲಿತು, ಈ ತೀರದ ಕಡೆಗೇ ಮುಖ ಮಾಡಿದೆ ಎಂದು ಖಚಿತವಾದ ಮೇಲೆ ಪಂದ್ಯದ ಮಾತನ್ನು ಯಾರೂ ಎತ್ತಲಿಲ್ಲ. ಹವಾಮಾನ ಕಚೇರಿ ಇನ್ನೂರು ಕಿಲೋಮೀಟರು ತೀರವನ್ನು ಇಡಿಯಾಗಿ ಬಣ್ಣ ಬಳಿದು, ಇದರೊಳಗೆ ಎಲ್ಲಾದರೂ ನಡುರಾತ್ರಿಯ ಹೊತ್ತಿಗೆ ಎಂದಿತ್ತು. ಕಡಲಿನ ಅಂಚಿನ ಮನೆಗಳನ್ನು ಬಲವಂತವಾಗಿ ಖಾಲಿ ಮಾಡಿಸಿದ್ದರು. ತಂಗಿಯ ಮನೆ ಅಂಚಿನಿಂದ ಎರಡನೆಯ ಸಾಲಿನಲ್ಲಿತ್ತು. ಆ ಸಾಲಿಗೆ ಸೂಚನೆ ಉಂಟು, ಬಲವಂತವಿಲ್ಲ.

ಹನ್ನೊಂದರ ಅಂಕಿಗಳು ಬಂದಾಗ ಅಕ್ಕ ನೋಡಿದ್ದು ಎಂಟರಿಂದ ಹನ್ನೊಂದರವರೆಗೆ ಒತ್ತಡ ಎಲ್ಲಿ ಎಷ್ಟು ಇಳಿದಿದೆ ಎಂಬುದನ್ನು. ಯಾವ ಕಡೆ ಹೆಚ್ಚು ಇಳಿಯುತ್ತದೋ ಆ ಕಡೆಗೆ ಚಂಡಮಾರುತದ ನಡಿಗೆ. ಉತ್ತರದಲ್ಲಿ ಎರಡೂವರೆ, ನಡುವಿನ ಬಂದರಿನಲ್ಲಿ ಮೂರು, ದಕ್ಷಿಣದ ಮೇಷ್ಟ್ರಲ್ಲಿ ಬರೀ ಒಂದು ಪಾಯಿಂಟ್ ಎರಡು. ಅಂದರೆ ಅದು ಬಂದರಿಗೂ ಉತ್ತರದ ಪಟ್ಟಣಕ್ಕೂ ನಡುವೆ ನುಗ್ಗುತ್ತದೆ, ಮರಳುಪಟ್ಟಿಯಿಂದ ಕಡಿಮೆಯೆಂದರೂ ಎಂಬತ್ತು ಕಿಲೋಮೀಟರು ಆಚೆ. ಅವಳ ಅಂಗಡಿಯ ಮಾಪಕ ಮಾತ್ರ ಬೇರೆ ಹಾಡು ಹಾಡುತ್ತಿತ್ತು: ಅದರಲ್ಲಿ ಮೂರೂವರೆ ಇಳಿದಿತ್ತು. ಅಂಗಡಿಯಿಂದ ಸೇತುವೆಗೆ ಮೂವತ್ತೇ ಕಿಲೋಮೀಟರು. ಇಲ್ಲಿ ಮೂರೂವರೆ ಇಳಿದು ಅಲ್ಲಿ ಒಂದೂಕಾಲೂ ಇಳಿಯಲಿಲ್ಲವೆಂದರೆ ಹೇಗೆ? ತನ್ನದು ಹಳೆಯ ಮಾಪಕ, ಮುಳ್ಳು ಅಂಟಿಕೊಂಡು ಆಮೇಲೆ ಒಮ್ಮೆಲೇ ಜಾರುವ ಚಾಳಿ ಅದಕ್ಕೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡು, ಆ ಅಂಕಿಯ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಪಕ್ಕಕ್ಕಿಟ್ಟಳು. ಮೇಷ್ಟ್ರ ಅಂಕಿಯನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ. ಮೇಷ್ಟ್ರೆಂದರೆ ಮದುವೆ ಮನೆಯಿಂದ ನಡುವೆ ಎದ್ದು ಹೋಗಿ ಮಾಪಕ ನೋಡಿ ಬರುವ ಮನುಷ್ಯ.

ಎರಡು ಗಂಟೆಯ ಅಂಕಿಗಳು ಬರುವ ಹೊತ್ತಿಗೆ ಬೀದಿಯಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಮಳೆ ನಿಂತು ನಿಂತು ಹೊಡೆಯುತ್ತಿತ್ತು. ಅಕ್ಕ ಕಪಾಟಿನ ಗಾಜಿಗೆ ಅಂಟುಪಟ್ಟಿ ಹಚ್ಚಿ ಮುಗಿಸಿ ಹಿಂದಿನ ಕೋಣೆಗೆ ಬಂದು ಕೂತಳು. ಉತ್ತರದಲ್ಲಿ ಮೂರು ಇಳಿದಿತ್ತು. ಬಂದರಿನಲ್ಲಿ ಮೂರೂವರೆ. ಮೇಷ್ಟ್ರಲ್ಲಿ ನಾಲ್ಕು ಪಾಯಿಂಟ್ ನಾಲ್ಕು.

ಅವಳು ಕಳೆದು ನೋಡಿದಳು. ಮತ್ತೆ ಕಳೆದಳು. ನಾಲ್ಕು ಪಾಯಿಂಟ್ ನಾಲ್ಕೇ.

ಎರಡರಲ್ಲೊಂದು ನಿಜವಿರಬೇಕು. ಒಂದೋ ಚಂಡಮಾರುತ ಈ ಮೂರು ಗಂಟೆಯಲ್ಲಿ ದಕ್ಷಿಣಕ್ಕೆ ಹೊರಳಿದೆ. ಇಲ್ಲವೇ ಹನ್ನೊಂದು ಗಂಟೆಯ ಅಂಕಿ ಸುಳ್ಳು. ಹೊರಳಿದೆ ಎಂದು ಯಾವ ಉಪಗ್ರಹದ ಚಿತ್ರವೂ ಹೇಳುತ್ತಿರಲಿಲ್ಲ. ಆದರೂ ಅದು ಹೊರಳಿರಲಿ ಎಂದು ಅಕ್ಕನ ಮನಸ್ಸು ಒಳಗೊಳಗೇ ಬೇಡಿಕೊಂಡಿತು. ಹೊರಳಿದರೆ ತಪ್ಪು ಅದರದು.

ಖಚಿತ ಮಾಡಿಕೊಳ್ಳಲು ಒಂದು ದಾರಿಯಿತ್ತು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಎಡಗೈ ಚಾಚಿದ ದಿಕ್ಕಿಗೆ ಚಂಡಮಾರುತದ ಕಣ್ಣು ಇರುತ್ತದೆ. ಅದು ಉತ್ತರಕ್ಕೆ ಸರಿಯುತ್ತ ಹೋದರೆ ಗಾಳಿಯೂ ಪಡುವಲಿನಿಂದ ಬೀಸುವಂತೆ ತಿರುಗುತ್ತ ಹೋಗಬೇಕು. ದಿಕ್ಕು ಬದಲಿಸದೆ ಒಂದೇ ಕಡೆಯಿಂದ ಜೋರಾಗುತ್ತ ಹೋದರೆ, ಅದು ನೆಟ್ಟಗೆ ನಿಮ್ಮ ಮೇಲೇ ಬರುತ್ತಿದೆ ಎಂದರ್ಥ. ಬೆಳಿಗ್ಗೆ ಮಾತಾಡುವಾಗ ತಂಗಿ, ಉತ್ತರದ ಗೋಡೆಯಲ್ಲಿರುವ ಅಡುಗೆಮನೆ ಕಿಟಕಿಯ ಸಂದಿನಿಂದ ಗಾಳಿ ಸೀಟಿ ಹೊಡೆಯುತ್ತಿದೆ ಎಂದು ದೂರಿದ್ದು ನೆನಪಾಯಿತು. ಅಕ್ಕ ಫೋನು ಮಾಡಿದಳು.

“ಆ ಕಿಟಕಿ ಇನ್ನೂ ಸೀಟಿ ಹೊಡೀತಿದೆಯಾ?”

“ಬೆಳಗಿಂದ ಒಂದೇ ರಾಗ. ಬಟ್ಟೆ ತುರುಕಿದ್ರೂ ನಿಂತಿಲ್ಲ,” ಎಂದಳು ತಂಗಿ. “ಮಾವ ಬೇರೆ ಅದನ್ನ ಕುಕ್ಕರ್ ಸೀಟಿ ಅಂದ್ಕೊಂಡು, ನೀರು ಕುದ್ದು ಬತ್ತಿಹೋಗ್ತಿದೆ, ಒಲೆ ಆರಿಸಿ ಅಂತ ಗೋಳು ಹುಯ್ಕೋತಿದ್ದಾರೆ.”

“ಪಡುವಲ ಕಡೆ? ಬೀದಿ ಬಾಗಿಲಲ್ಲಿ?”

“ಅಲ್ಲಿ ಪರದೆ ಕೂಡ ಅಲ್ಲಾಡ್ತಿಲ್ಲ. ಯಾಕಕ್ಕ?”

ಗಾಳಿ ಬೆಳಗಿನಿಂದ ಒಂದು ಅಂಗುಲವೂ ತಿರುಗಿಲ್ಲ. ಚಂಡಮಾರುತ ಹೊರಳಿಲ್ಲ, ಮೊದಲಿನಿಂದಲೂ ಅದು ಅಲ್ಲಿಗೇ ಹೊರಟಿದೆ. ಹಾಗೆಂದು ಅಕ್ಕ ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಐದು ನಿಮಿಷದಲ್ಲಿ ಮತ್ತೆ ಮಾಡುತ್ತೇನೆ ಎಂದು ಫೋನಿಟ್ಟು ಮೇಷ್ಟ್ರಿಗೆ ಮಾಡಿದಳು. ಕಾರಣ ತಿಳಿಯದೆ ತಪ್ಪು ಒಪ್ಪಿಕೊಳ್ಳಲು ಅವಳ ಓದು ಬಿಡಲಿಲ್ಲ. ಆ ಐದು ನಿಮಿಷವನ್ನು ಅವಳು ಆಮೇಲೆ ಬಹಳ ಕಾಲ ಲೆಕ್ಕ ಹಾಕಿದಳು.

ಮಾಪಕಕ್ಕೆ ಏನಾದರೂ ಮಾಡಿದಿರಾ ಎಂದು ಕೇಳಿದ್ದಕ್ಕೆ ಮೇಷ್ಟ್ರ ದನಿಯಲ್ಲಿ ಉತ್ಸಾಹವಿತ್ತು. ಹೌದು, ಮಾಪಕ ಹೊಸದು. ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ್ದು, ನಿನ್ನೆ ಸಂಜೆಯಷ್ಟೇ ಪಾರ್ಸಲ್ ಬಂತು. ಹಳೆಯದರ ಮುಳ್ಳು ನಡುಗುತ್ತಿತ್ತು. ಇಂಥ ದಿನ ಅಂದಾಜಿನ ಅಂಕಿ ಕೊಡಬಾರದೆಂದು ಬೆಳಿಗ್ಗೆ ಒಂಬತ್ತಕ್ಕೆ ಗೋಡೆಯಿಂದ ಅದನ್ನು ಇಳಿಸಿ ಇದನ್ನು ಹಾಕಿದೆ. ಹಾಕುವಾಗ ಎಷ್ಟು ಎತ್ತರದಲ್ಲಿದ್ದೀರಿ ಎಂದು ಅದೇ ಕೇಳಿತು. ಇಪ್ಪತ್ತನಾಲ್ಕು ಎಂದು ಒತ್ತಿದೆ. ಎಷ್ಟು ಬುದ್ಧಿ ಅದಕ್ಕೆ!

ಅಕ್ಕ ಕಣ್ಣು ಮುಚ್ಚಿಕೊಂಡಳು. “ಮೇಷ್ಟ್ರೇ, ಅದು ತಾನೇ ಸಮುದ್ರಮಟ್ಟಕ್ಕೆ ತಿದ್ದಿ ತೋರಿಸ್ತಿದೆ. ಅದರ ಮೇಲೆ ನಾನು ಇನ್ನೊಂದು ಸಲ ತಿದ್ದಿದೀನಿ.”

ಮೇಷ್ಟ್ರೂ ಮನಸ್ಸಿನಲ್ಲೇ ಕಳೆಯುತ್ತಿದ್ದಿರಬೇಕು. ಎಂಟು ಗಂಟೆಗೆ ಹಳೆಯ ಮಾಪಕ, ಹನ್ನೊಂದಕ್ಕೆ ಹೊಸದು. ನಿಜವಾಗಿ ಇಳಿದದ್ದು ನಾಲ್ಕು. ಅದರಲ್ಲಿ ಎರಡು ಪಾಯಿಂಟ್ ಎಂಟನ್ನು ಅಕ್ಕ ಕೈಯಾರೆ ಮತ್ತೆ ತುಂಬಿಸಿಟ್ಟಿದ್ದಳು. ಉಳಿದದ್ದು ಒಂದು ಪಾಯಿಂಟ್ ಎರಡು.

“ಹೊಸದು ಅಂತ ಒಂದು ಮಾತು ಬರೀಬೇಕು ಅಂದ್ಕೊಂಡೆ,” ಎಂದರು ಮೇಷ್ಟ್ರು ಕೊನೆಗೆ. “ಆಮೇಲೆ, ಅಂಕಿ ಜೊತೆ ಮಾತು ಬೇಡ ಅಂತ ಇದೆಯಲ್ಲ ಅಂತ...” ಅವರು ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಅವರ ಮನೆ ದಿಬ್ಬದ ಮೇಲೆ, ಹೊಸ ಸಿಮೆಂಟಿನ ಕಟ್ಟಡ, ಅವರಿಗೆ ಭಯವಿರಲಿಲ್ಲ. ಸುತ್ತಲಿನ ಎರಡು ಮೂರು ಮನೆಯವರನ್ನು ಈಗಲೇ ಮೇಲಕ್ಕೆ ಕರೆದುಕೊಳ್ಳುತ್ತೇನೆ ಎಂದರು. ತಂಗಿಯ ಮಾವನವರನ್ನು? ಎಂದು ಅಕ್ಕ ಕೇಳಿದಳು. ದಿಬ್ಬಕ್ಕೆ ಎಂಬತ್ತೇಳು ಮೆಟ್ಟಿಲು, ಸೊಂಟ ಮುರಿದವರನ್ನು ಈ ಗಾಳಿಯಲ್ಲಿ ಅಷ್ಟೂ ಹತ್ತಿಸುವುದು ಆಗದ ಮಾತು ಎಂದು ಅವರೇ ಹೇಳಿದರು.

ಅಕ್ಕ ತಂಗಿಗೆ ಮಾಡಿದಳು. ಮೂರು ಸಲ ಲೈನು ಸಿಗಲಿಲ್ಲ. ನಾಲ್ಕನೆಯ ಸಲಕ್ಕೆ ತಂಗಿ ಎತ್ತಿದಳು.

“ನಾನು ಬೆಳಿಗ್ಗೆ ಹೇಳಿದ್ದು ತಪ್ಪು. ಅದು ನಿಮ್ಮ ಕಡೆಗೇ ಬರ್ತಿದೆ. ಈಗಲೇ ಹೊರಡಬೇಕು.”

ತಂಗಿ ಬೈಯಲಿಲ್ಲ. ಬಹಳ ಮೆತ್ತಗೆ, “ಆಂಬುಲೆನ್ಸ್ ಕಳಿಸಿಬಿಟ್ನಲ್ಲಕ್ಕ,” ಎಂದಳು. “ನೀನು ಹೇಳಿದ ಮೇಲೇ ಕಳಿಸಿದ್ದು.”

ಆ ಊರಿನಲ್ಲಿ ಆ ಹೊತ್ತಿಗೆ ಉಳಿದಿದ್ದ ದೊಡ್ಡ ಗಾಡಿ ಎಂದರೆ ತಂಗಿಯ ಗಂಡ ಕೆಲಸ ಮಾಡುತ್ತಿದ್ದ ಐಸ್ ಫ್ಯಾಕ್ಟರಿಯದು, ಮೀನಿನ ಪೆಟ್ಟಿಗೆ ಸಾಗಿಸುವ ಮುಚ್ಚಿದ ಗಾಡಿ. ಗಂಡನಿಗೆ ಹೇಳಿ ಅದನ್ನು ತರಿಸುತ್ತೇನೆ ಎನ್ನುವಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಸಿಗಲಿಲ್ಲ.

ಅಕ್ಕ ಸಂಘದ ಗುಂಪಿಗೆ ನಾಲ್ಕು ಸಾಲು ಬರೆದಳು. ಹನ್ನೊಂದರ ನನ್ನ ಲೆಕ್ಕ ತಪ್ಪು, ತಿದ್ದುಪಡಿ ಎರಡು ಸಲ ಸೇರಿದೆ, ಚಂಡಮಾರುತ ದಕ್ಷಿಣದ ಮರಳುಪಟ್ಟಿಯ ಕಡೆಗೆ ಬರುತ್ತಿದೆ, ನನ್ನ ಮಾತನ್ನು ಯಾರು ಯಾರಿಗೆ ಹೇಳಿದ್ದೀರೋ ಅವರಿಗೆಲ್ಲ ಈಗಲೇ ಫೋನು ಮಾಡಿ. ಮೇಷ್ಟ್ರ ಹೆಸರೆತ್ತಲಿಲ್ಲ. ಔಷಧದಂಗಡಿಯವನು ತಾನು ಹನ್ನೆರಡು ಜನಕ್ಕೆ ಹೇಳಿದ್ದೆ, ಮಾಡುತ್ತೇನೆ ಎಂದ. ರೇಡಿಯೋ ಅಜ್ಜ, ನೀನು ಮೊದಲು ಹೊರಡು, ನಕ್ಷೆ ನಾನು ನೋಡಿಕೊಳ್ಳುತ್ತೇನೆ ಎಂದು ಬರೆದ. ಹೊರಡು ಎಂದು ಯಾರಾದರೂ ಹೇಳುವವರೆಗೂ ತಾನು ಹೊರಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಮೂವತ್ತು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅವಳ ಪುಟ್ಟ ಕಾರು ಎಡಕ್ಕೆ ಹೋಗೆಂದರೆ ಬಲಕ್ಕೆ ಹೋಗುತ್ತಿತ್ತು. ಎದುರಿನಿಂದ ಗಾಡಿಗಳ ಸಾಲು ಬರುತ್ತಲೇ ಇತ್ತು, ಮಾಡಿನ ಮೇಲೆ ಹಾಸಿಗೆ, ಕುರ್ಚಿ, ಸೈಕಲ್ಲು. ಪ್ರತಿ ಗಾಡಿಯ ಮುಖವನ್ನೂ ಅವಳು ನೋಡಿದಳು. ಐಸ್ ಗಾಡಿ ಅದರಲ್ಲಿರಲಿಲ್ಲ. ದಾರಿಯುದ್ದಕ್ಕೂ ಎಡಗೈಯಲ್ಲಿ ಫೋನು ಒತ್ತುತ್ತಲೇ ಇದ್ದಳು. ಅದು ಒಂದೇ ಸಮನೆ, ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎನ್ನುತ್ತಿತ್ತು.

ಸೇತುವೆಯ ಬಾಯಲ್ಲಿ ಒಂದು ಕೋಣೆ, ಕೋಣೆಯೊಳಗೆ ಕಾವಲುಗಾರ. ಅವಳು ಕಾರಿನಿಂದ ಇಳಿಯುವಾಗ ಅವನು ಅಡ್ಡಗಂಬ ಇಳಿಸಲು ಹಗ್ಗಕ್ಕೆ ಕೈ ಹಾಕಿದ್ದ.

ಅಕ್ಕ ಓಡಿಹೋಗಿ, ಇನ್ನೂ ಬರುವವರಿದ್ದಾರೆ ಎಂದಳು. ಬರುವವರು ಯಾವಾಗಲೂ ಇದ್ದೇ ಇರುತ್ತಾರೆ ಎಂದ ಅವನು. ಒಳಗೆ ಗೋಡೆಯ ಮೇಲಿನ ಗಾಳಿಮಾಪಕದ ಮುಳ್ಳು ಅರವತ್ತೈದು ಮುಟ್ಟಿ ಬಂದಿತ್ತು. ಗಂಟೆಗೆ ಅರವತ್ತು ಕಿಲೋಮೀಟರಾದರೆ ಮುಚ್ಚಬೇಕೆಂದು ನಿಯಮ. ಅಕ್ಕನ ಕಣ್ಣು ಮಾಪಕದ ಪಕ್ಕದ ಹಲಗೆಗೆ ಹೋಯಿತು. ದಿನಬೆಳಗಾದರೆ ಗೋಡೆಯ ಅಕ್ಷರ ಓದಿಸುವವಳು.

“ಅಲ್ಲಿ ಹತ್ತು ನಿಮಿಷದ ಸರಾಸರಿ ಅಂತ ಬರೆದಿದೆ. ಅರವತ್ತೈದು ಒಂದು ಬೀಸು ಅಷ್ಟೆ.”

“ಸರಾಸರಿ ಹಾಕೋ ಪೆಟ್ಟಿಗೆ ಕೆಟ್ಟು ಆರು ತಿಂಗಳಾಯ್ತಮ್ಮ. ನಾನು ಕಣ್ಣಳತೆ ಮೇಲೆ ನಡೆಸ್ತಿದೀನಿ. ನೀವ್ಯಾರು, ಹವಾಮಾನದವರಾ?”

“ಕನ್ನಡಕದ ಅಂಗಡಿ ಇದೆ.”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. “ಸರಿಯಾದವರೇ ಬಂದ್ರಿ ಕಣ್ಣಳತೆಗೆ,” ಎಂದ. ಆದರೆ ಹಗ್ಗದಿಂದ ಕೈ ತೆಗೆದ.

ಅಕ್ಕ ಕೇಳಿದ್ದು ಇಷ್ಟೇ. ಅರ್ಧ ನಿಮಿಷಕ್ಕೊಮ್ಮೆ ನೀವು ಮುಳ್ಳು ಎಲ್ಲಿದೆ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಇಪ್ಪತ್ತು ಸಲಕ್ಕೆ ಹತ್ತು ನಿಮಿಷ. ಸರಾಸರಿ ಅರವತ್ತಾದರೆ ಅಡ್ಡಗಂಬ ಇಳಿಸಿ, ನಾನು ಬಾಯಿ ಬಿಡುವುದಿಲ್ಲ. ಅವನು ಒಪ್ಪಿದ. ಇಡೀ ಮಧ್ಯಾಹ್ನ ಆ ಮುಳ್ಳಿನ ಜೊತೆ ಒಬ್ಬನೇ ಗುದ್ದಾಡಿ ಅವನಿಗೂ ಸಾಕಾಗಿತ್ತು. ಇನ್ನೊಬ್ಬರು ಪಾಲು ತೆಗೆದುಕೊಂಡರೆ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ಐವತ್ತೆರಡು. ಅರವತ್ತು. ಐವತ್ತೈದು. ಅರವತ್ತೆರಡು. ಅವನು ಹೇಳುತ್ತಿದ್ದ, ಅವಳು ಕನ್ನಡಕದ ನಂಬರು ಬರೆಯುವ ಪುಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದಳು. ಕಿಟಕಿಯಾಚೆ ಸೇತುವೆ ಮಳೆಯೊಳಗೆ ಅರ್ಧಕ್ಕೇ ಮುಗಿದುಹೋದಂತೆ ಕಾಣುತ್ತಿತ್ತು. ಆ ಅರ್ಧದಿಂದ ಆಗಾಗ ಒಂದೊಂದು ಜೊತೆ ದೀಪ ಹುಟ್ಟಿ ಬರುತ್ತಿತ್ತು. ಪ್ರತಿ ಸಲವೂ ಅಕ್ಕ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದಳು. ಒಂದು ಕಾರು. ಒಂದು ಹಾಲಿನ ಗಾಡಿ. ಇಬ್ಬರು ಕೂತ ಒಂದು ಬೈಕು, ಹೆಚ್ಚುಕಡಿಮೆ ನಡೆಯುವಷ್ಟು ನಿಧಾನ. ಮೊದಲ ಹತ್ತು ನಿಮಿಷದ ಸರಾಸರಿ ಐವತ್ತೇಳು. ಕಾವಲುಗಾರ ತಲೆಯಾಡಿಸಿ, “ಇನ್ನೊಂದು ಆಟ,” ಎಂದ.

ಎರಡನೆಯ ಹತ್ತು ನಿಮಿಷದಲ್ಲಿ ಅರ್ಧ ದಾರಿಗೇ ಅವಳಿಗೆ ಗೊತ್ತಾಗಿಹೋಯಿತು. ಐವತ್ತರ ಅಂಕಿಗಳು ಕಡಿಮೆಯಾಗುತ್ತಿದ್ದವು. ಅರವತ್ತೊಂದು, ಅರವತ್ತಮೂರು, ಐವತ್ತೆಂಟು, ಅರವತ್ತೈದು. ಇಪ್ಪತ್ತನೆಯದನ್ನು ಬರೆದು ಅವಳು ಕೂಡಿದಳು: ಸಾವಿರದ ಇನ್ನೂರ ಹನ್ನೆರಡು. ಇಪ್ಪತ್ತರಿಂದ ಭಾಗಿಸಲು ಪೆನ್ಸಿಲು ಬೇಕಿರಲಿಲ್ಲ. ಅರವತ್ತು ಪಾಯಿಂಟ್ ಆರು.

ಐಸ್ ಗಾಡಿ ಇನ್ನೂ ಬಂದಿರಲಿಲ್ಲ.

“ಎಷ್ಟಾಯ್ತು?” ಎಂದು ಕೇಳಿದ ಕಾವಲುಗಾರ. ಅವನು ಪುಸ್ತಕದ ಕಡೆ ನೋಡಲೂ ಇಲ್ಲ. ಅವಳು ಐವತ್ತೊಂಬತ್ತು ಎಂದಿದ್ದರೆ ಐವತ್ತೊಂಬತ್ತು. ಹತ್ತು ನಿಮಿಷ ಹೆಚ್ಚು ಸಿಗುತ್ತಿತ್ತು. ಹತ್ತು ನಿಮಿಷ ಬೇಕಾಗಿದ್ದದ್ದು ಅವಳ ಒಡಹುಟ್ಟಿದವಳಿಗೆ, ಅವಳ ಮಾತು ಕೇಳಿ ಕೆಟ್ಟವಳಿಗೆ. ಆದರೆ ಆ ಹತ್ತು ನಿಮಿಷದಲ್ಲಿ ಸೇತುವೆ ಹತ್ತುವವರು ತಂಗಿಯೊಬ್ಬಳೇ ಅಲ್ಲ. ಬೈಕಿನವರಂಥವರು, ಹಾಲಿನ ಗಾಡಿಯವರಂಥವರು, ಅವರೆಲ್ಲರೂ ಈ ಕೋಣೆಯಲ್ಲಿ ಯಾರೋ ಸರಿಯಾಗಿ ಎಣಿಸುತ್ತಿದ್ದಾರೆ ಎಂದು ನಂಬಿಯೇ ಹತ್ತುವವರು. ಮುಚ್ಚಿದ ಎತ್ತರದ ಗಾಡಿಯನ್ನು ಅಡ್ಡಗಾಳಿ ಎಲ್ಲಕ್ಕಿಂತ ಮೊದಲು ಎತ್ತಿಹಾಕುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ತಪ್ಪಿದ್ದು ಗೊತ್ತಿಲ್ಲದೆ. ಈಗ ಗೊತ್ತಿದ್ದೂ ತಪ್ಪಿದರೆ ಅದನ್ನು ಏನೆಂದು ಕರೆಯುವುದು?

“ಅರವತ್ತು ದಾಟಿದೆ,” ಎಂದಳು. “ಅರವತ್ತು ಪಾಯಿಂಟ್ ಆರು.” ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

ಕಾವಲುಗಾರ ಒಂದು ಕ್ಷಣ ಅವಳನ್ನೇ ನೋಡಿದ. ಅವಳು ಯಾರಿಗಾಗಿ ಕಾಯುತ್ತಿದ್ದಾಳೆಂದು ಅವನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವನು ಗೋಡೆಯ ಫೋನೆತ್ತಿ ಆಚೆ ತುದಿಯ ಕಾವಲಿನವನಿಗೆ ಮುಚ್ಚಲು ಹೇಳಿದ. ಏನನ್ನೋ ಕೇಳಿಸಿಕೊಂಡ. “ಹತ್ತಿಯಾಯ್ತಾ? ಎಷ್ಟು ದೂರ ಬಂದಿದೆ? ಸರಿ, ಅದೇ ಕಡೆಯದು. ಅದರ ಹಿಂದೆ ಒಂದು ನಾಯಿನೂ ಬಿಡಬೇಡ.” ಫೋನಿಟ್ಟು ಅವಳ ಕಡೆ ತಿರುಗಿ, ಒಂದು ಮೀನಿನ ಗಾಡಿ ಆಗಲೇ ಸೇತುವೆ ಮೇಲಿದೆಯಂತೆ ಎಂದ.

ಅಕ್ಕ ಹೊರಗೆ ಹೋದಳು. ಮಳೆ ಅಡ್ಡಡ್ಡ ಹೊಡೆದು ಕನ್ನಡಕ ಕುರುಡಾಯಿತು. ತೆಗೆದಳು. ತೆಗೆದರೆ ದೂರದ್ದೇನೂ ಕಾಣದು, ಹಾಕಿದರೆ ನೀರು. ಅಂತೂ ಮಳೆಯೊಳಗಿಂದ ಎರಡು ಹಳದಿ ಚುಕ್ಕೆಗಳು ಮೂಡಿದವು. ಮೂಡಿ ನಿಂತವು. ಒಂದು ಬೀಸಿಗೆ ಎರಡೂ ಚುಕ್ಕೆಗಳು ಓರೆಯಾದವು, ಮತ್ತೆ ನೆಟ್ಟಗಾದವು. ಸೇತುವೆಯ ಉದ್ದ ಒಂಬೈನೂರು ಮೀಟರು; ಆ ವೇಗಕ್ಕೆ ಎಷ್ಟು ನಿಮಿಷವಾಗುತ್ತದೆಂದು ಅವಳ ತಲೆ ತಾನಾಗಿ ಲೆಕ್ಕ ಹಾಕಲು ಹೊರಟಿತು. ಅವಳು ಅದನ್ನು ತಡೆದಳು. ಚುಕ್ಕೆಗಳು ಮತ್ತೆ ಓರೆಯಾದವು. ಈ ಸಲ ನೆಟ್ಟಗಾಗಲು ಹೊತ್ತು ಹಿಡಿಯಿತು.

ಗಾಡಿ ಅಡ್ಡಗಂಬದ ಈಚೆ ಬಂದು ನಿಂತಾಗ ಓಡಿಸುತ್ತಿದ್ದ ತಂಗಿಯ ಗಂಡ ಸ್ಟೀರಿಂಗ್ ಬಿಡದೆ ಹಾಗೆಯೇ ಕೂತಿದ್ದ. ಬೆರಳು ಬಿಡಿಸಿಕೊಳ್ಳಲು ಬರುತ್ತಿಲ್ಲ ಅತ್ತಿಗೆ ಎಂದು ನಗಲು ನೋಡಿದ. ಫ್ಯಾಕ್ಟರಿಯ ಯಜಮಾನ ಗಾಡಿ ಕೊಡಲು ಅರ್ಧ ಗಂಟೆ ಸತಾಯಿಸಿದನಂತೆ. ಹಿಂದಿನ ಬಾಗಿಲು ತೆಗೆದರೆ ಒಳಗೆ ಕತ್ತಲು, ಮೀನಿನ ನಾತ, ಐಸ್ ಪೆಟ್ಟಿಗೆಗಳ ನಡುವೆ ಕಿತ್ತು ತಂದ ಬಾಗಿಲಿನ ಹಲಗೆ. ಅದರ ಮೇಲೆ ಮಾವ, ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಹೊದ್ದು ಮಲಗಿದ್ದ. ಹಲಗೆ ಜಾರದಂತೆ ತಂಗಿ ಎರಡೂ ಕಾಲು ಚಾಚಿ ಅಡ್ಡ ಕೊಟ್ಟು ಕೂತಿದ್ದಳು.

“ಬಂದ್ಯಾಮ್ಮ,” ಎಂದ ಮಾವ. ಮುಖ ನೋವಿನಿಂದ ಬೆಳ್ಳಗಾಗಿತ್ತು. “ನಿಮ್ಮ ಸಂಘದವರು ನನ್ನನ್ನ ಮೀನು ಮಾಡಿಬಿಟ್ರಿ. ಇನ್ನು ಕಿಲೋಗೆ ಎಷ್ಟು ಅಂತ ಹೇಳಿದ್ರೆ ಮುಗೀತು.”

ಅಕ್ಕನಿಗೆ ನಗು ಬರಲಿಲ್ಲ. ತಂಗಿಯ ಕಡೆ ನೋಡಿ, ತಪ್ಪಾಯಿತು ಎಂದಳು. ಹೊಸ ಮಾಪಕ ಬಂದಿತ್ತು, ಅದು ತಾನೇ ತಿದ್ದುತ್ತದೆ, ನಾನೂ ತಿದ್ದಿದೆ ಎಂದು ಹೇಳತೊಡಗಿದಳು. ತಂಗಿ ತಡೆದಳು.

“ಅದೆಲ್ಲ ನಂಗೆ ಅರ್ಥ ಆಗಲ್ಲಕ್ಕ. ಬೆಳಿಗ್ಗೆ ಫೋನಲ್ಲಿ ನೀನು, ಸರಿಯಾಗಿ ಗೊತ್ತಾಗ್ತಿಲ್ಲ ಅಂದಿದ್ರೆ ಸಾಕಿತ್ತು. ನಾವು ಆಗಲೇ ಹೊರಟುಬಿಡ್ತಿದ್ವಿ.”

ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕಕ್ಕಿಟ್ಟ ತನ್ನದೇ ಮಾಪಕದ ಮೂರೂವರೆ ಅಕ್ಕನ ಕಣ್ಣ ಮುಂದೆ ಬಂತು. ಗೊತ್ತಾಗುತ್ತಿಲ್ಲ ಎನ್ನಲು ಬೇಕಾದದ್ದೆಲ್ಲ ಆಗಲೇ ಮೇಜಿನ ಮೇಲಿತ್ತು. ಗೊತ್ತಿದೆ ಎನ್ನುವುದು ಅವಳಿಗೆ ಇಷ್ಟವಾಗಿತ್ತು, ಅಷ್ಟೇ. ಕಾವಲುಗಾರ ಬಂದು, ಇಲ್ಲಿ ನಿಲ್ಲುವುದು ಬೇಡ, ಹೊರಡಿ ಎಂದು ಕೂಗಿದ. ಅಕ್ಕ ಕಾರನ್ನು ಅವನ ಕೋಣೆಯ ಮರೆಗೆ ತಳ್ಳಿ, ಬೀಗವನ್ನೂ ಹಾಕದೆ ಗಾಡಿಯ ಹಿಂಬದಿ ಹತ್ತಿದಳು.

ಬಾಗಿಲು ಮುಚ್ಚಿದ ಮೇಲೆ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಗಾಡಿ ಹೊರಟಿತು. ಮನೆ ಉಳಿಯುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮೊದಲ ತಿರುವಿನಲ್ಲಿ ಹಲಗೆ ಜಾರಿ ಮಾವ ಹಲ್ಲು ಕಚ್ಚಿ ನರಳಿದ.

“ಆ ತುದಿ ಹಿಡ್ಕೋ,” ಎಂದಳು ತಂಗಿ ಕತ್ತಲಲ್ಲಿ. “ಗಟ್ಟಿಯಾಗಿ ಹಿಡ್ಕೋ. ಇನ್ನೂ ಎಷ್ಟು ತಿರುವಿದೆ?”

“ಗೊತ್ತಿಲ್ಲ,” ಎಂದಳು ಅಕ್ಕ. ಐಸ್ ಪೆಟ್ಟಿಗೆಗೆ ಬೆನ್ನು ಒತ್ತಿ, ಹಲಗೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.